ಉಳಿದ ನಲವತ್ತು

ಫೆಬ್ರವರಿ 3

ಪ್ರೀತಿಯ ಲೆಕ್ಕದಮ್ಮ,

ಕೆಲಸದ ಮಾತು ಕಾಗದದಲ್ಲಿ, ಮನೆಯ ಮಾತು ಫೋನಿನಲ್ಲಿ ಎಂಬ ನಮ್ಮ ಹಳೆಯ ಒಪ್ಪಂದದ ಪ್ರಕಾರ ಇದನ್ನು ಕಾಗದದಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನಿನ್ನ ಅಣ್ಣ ಪಕ್ಕದಲ್ಲಿ ಕೂತು ತಮ್ಮ ಅಭಿಪ್ರಾಯವನ್ನೂ ಸೇರಿಸುತ್ತಾರೆ. ಬಸವನಹುಳುಗಳ ಬಗ್ಗೆ ಅವರ ಅಭಿಪ್ರಾಯ ಮದುವೆಯಾದ ದಿನದಿಂದ ಒಂದೇ, ಅದು ನಿನಗೂ ಗೊತ್ತು.

ನಮ್ಮ ಸಂಸ್ಥೆಯಲ್ಲಿ ಹೊಸದಾಗಿ ಮಾಪನ ವಿಭಾಗ ಅಂತ ಒಂದು ತೆರೆದಿದ್ದಾರೆ. ಎರಡನೆಯ ಮಹಡಿಯಲ್ಲಿ, ಮೊದಲು ಕಾಲು ಮುರಿದ ಕುರ್ಚಿಗಳನ್ನು ತುಂಬುತ್ತಿದ್ದ ಕೋಣೆಯಲ್ಲಿ. ಯಾರು ಎಷ್ಟು ಲೇಖನ ಬರೆದರು, ಯಾರ ಜೊತೆ ಸೇರಿ ಬರೆದರು, ಬರೆದದ್ದನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂದು ಅಳೆಯುವುದು ಅವರ ಕೆಲಸ. ಅಲ್ಲಿನ ಅಧಿಕಾರಿಯನ್ನು ನಾವೆಲ್ಲ ಅಳತೆಗಾರರು ಅನ್ನುತ್ತೇವೆ. ಮೇಜಿನ ಮೇಲೆ ನಿಜಕ್ಕೂ ಒಂದು ಅಡಿಪಟ್ಟಿ ಇಟ್ಟುಕೊಂಡಿದ್ದಾರೆ. ಅದರಿಂದ ಏನು ಅಳೆಯುತ್ತಾರೋ ಗೊತ್ತಿಲ್ಲ, ಬೆನ್ನು ಕೆರೆದುಕೊಳ್ಳುವುದನ್ನು ಮಾತ್ರ ನಾನೇ ಕಂಡಿದ್ದೇನೆ.

ಈ ವರ್ಷ ನನ್ನ ಬಡ್ತಿಯ ಸರದಿ. ಆದ್ದರಿಂದ ನನ್ನನ್ನೂ ಅಳೆದರು. ಉಲ್ಲೇಖಗಳ ವಿಷಯದಲ್ಲಿ ನಾವು ತಲೆ ಎತ್ತಿಕೊಂಡು ಓಡಾಡಬಹುದು. ಚಿಪ್ಪಿನ ದಪ್ಪದ ಬಗ್ಗೆ ಬರೆದ ನಮ್ಮ ಲೇಖನ ಸಂಸ್ಥೆಯಲ್ಲೇ ಎಲ್ಲಕ್ಕಿಂತ ಹೆಚ್ಚು ಉಲ್ಲೇಖ ಪಡೆದಿದೆಯಂತೆ. ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿದರೆ ಮುಕ್ಕಾಲು ಪಾಲು ಹೆಲ್ಮೆಟ್ ತಯಾರಿಸುವವರು! ಹುಳುಗಳ ತಲೆ ಕಾಯುವ ವಿದ್ಯೆ ಮನುಷ್ಯರ ತಲೆಗೂ ಒದಗಿದೆ ಅಂದುಕೊಂಡು ಖುಷಿಪಡೋಣ.

ತಕರಾರು ಬಂದದ್ದು ಸಹಲೇಖಕರ ನಕ್ಷೆಯಲ್ಲಿ. ಒಬ್ಬೊಬ್ಬ ಸಂಶೋಧಕರಿಗೂ ಒಂದು ಚುಕ್ಕಿ, ಜೊತೆಗೆ ಬರೆದವರ ಚುಕ್ಕಿಗೆ ಒಂದು ಗೆರೆ. ಪಕ್ಕದ ಕೋಣೆಯ ಮೀನಿನವರ ನಕ್ಷೆ ಪೊದೆಯ ಹಾಗೆ ಬೆಳೆದಿದೆ. ನನ್ನದರಲ್ಲಿ ಇರುವುದು ಎರಡೇ ಚುಕ್ಕಿ, ನಡುವೆ ಬಟ್ಟೆ ಒಣಹಾಕುವ ಹಗ್ಗದಷ್ಟು ದಪ್ಪ ಗೆರೆ. ಅಳತೆಗಾರರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಮೇಡಂ, ಇದ್ರಲ್ಲಿ ನೀವ್ ಮಾಡಿದ್ದು ಎಷ್ಟು, ಅವ್ರು ಮಾಡಿದ್ದು ಎಷ್ಟು?” ಅಂದರು.

ಅದಕ್ಕೇ ಜೊತೆಗಿರುವ ಹಾಳೆ. ನಮ್ಮ ಜಂಟಿ ಲೇಖನಗಳನ್ನೆಲ್ಲ ಸೇರಿಸಿ, ಅದರಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು ಅಂತ ನೀನು ಬರೆಯಬೇಕು. ನನ್ನ ಪಾಲು ಎಷ್ಟು ಅಂತ ನಾನು ಬರೆಯುತ್ತೇನೆ. ಒಬ್ಬರದ್ದನ್ನು ಇನ್ನೊಬ್ಬರು ನೋಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಲಕೋಟೆ ಅಂಟಿಸಿ ನೇರವಾಗಿ ಅವರಿಗೇ ಕಳಿಸು.

ನನ್ನ ಪಾಲು ಅರ್ಧ ದಾಟಿದರೆ ನಾನು ಪ್ರಧಾನ ಸಂಶೋಧಕಿ, ಬಡ್ತಿ ಖಾಯಂ. ದಾಟದಿದ್ದರೆ ಬಡ್ತಿಯೂ ಇಲ್ಲ, ಹುಳುಗಳ ಕೋಣೆಯೂ ಇಲ್ಲ. ಅದನ್ನು ಹೊಸ ತಂಡಕ್ಕೆ ಕೊಡುತ್ತಾರೆ. ನನ್ನ ವಯಸ್ಸಿಗೆ ಇನ್ನೊಂದು ಸರದಿ ಬರುವುದಿಲ್ಲ. ಇದನ್ನು ಹೇಳಬಾರದಿತ್ತೇನೋ, ಹೇಳಿಬಿಟ್ಟೆ. ನೀನು ತಲೆಗೆ ಹಚ್ಚಿಕೊಳ್ಳಬೇಡ. ನಿನಗಂತೂ ಇಂಥ ಗೋಜು ಯಾವುದೂ ಇಲ್ಲ, ಪುಣ್ಯವಂತೆ. ಅನ್ನಿಸಿದ್ದನ್ನು ಬರೆ.

ನಿನ್ನ ಅತ್ತಿಗೆ


ಫೆಬ್ರವರಿ 14

ಪ್ರೀತಿಯ ಅತ್ತಿಗೆ,

ಹಾಳೆ ತುಂಬಿ ಕಳಿಸಿದ್ದೇನೆ. ಎಷ್ಟು ಬರೆದೆ ಅಂತ ಹೇಳುವುದಿಲ್ಲ. ನಿಮ್ಮ ಅಳತೆಗಾರರು ಅಡಿಪಟ್ಟಿ ಹಿಡಿದು ನನ್ನ ಊರಿಗೇ ಬಂದುಬಿಟ್ಟರೆ ಕಷ್ಟ. ನನ್ನಿಂದ ನಿಮಗೆ ತೊಂದರೆ ಆಗುವ ಹಾಗೆ ಬರೆದಿಲ್ಲ ಅಂತ ಮಾತ್ರ ತಿಳಿದುಕೊಳ್ಳಿ, ನಿಶ್ಚಿಂತೆಯಿಂದಿರಿ.

ಬರೆಯುವ ಮುಂಚೆ ಲೆಕ್ಕ ಹಾಕಲು ನೋಡಿದೆ. ಸಂಖ್ಯಾಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವಳಿಗೆ ಇಷ್ಟೂ ಬರದಿದ್ದರೆ ಹೇಗೆ? ಹುಳು ಸಾಕಿದವರು ನೀವು. ಅಳೆದವರು ನೀವು. ಅಂಕಿಗಳನ್ನು ಕೂಡಿಸಿ ಕಳೆದು ಸಮೀಕರಣ ಬರೆದವಳು ನಾನು. ಮೊದಲ ಕರಡು ನನ್ನದು, ಎರಡನೆಯದು ನಿಮ್ಮದು, ಆಮೇಲೆ ಯಾರ ಕೈ ಯಾವುದು ಅಂತ ನಮಗೇ ಗೊತ್ತಾಗುತ್ತಿರಲಿಲ್ಲ. ಹೆಲ್ಮೆಟ್ಟಿನವರು ಮತ್ತೆ ಮತ್ತೆ ಎತ್ತಿ ಹೇಳುವ ಆ ವಾಕ್ಯವಿದೆಯಲ್ಲ, ಚಿಪ್ಪಿನ ಗಟ್ಟಿತನ ದಪ್ಪದಲ್ಲಿಲ್ಲ, ಸುರುಳಿ ತಿರುಗುವ ಕಡೆ ಇದೆ ಅಂತ, ಅದು ಯಾರದ್ದು? ನಾನು ಬರೆದದ್ದು ಅನ್ನಿಸುತ್ತದೆ. ನೀವು ಸೌತೆಕಾಯಿ ಹೆಚ್ಚುತ್ತಾ ಹೇಳಿದ್ದು ಅಂತಲೂ ಅನ್ನಿಸುತ್ತದೆ. ಅದಕ್ಕೆ ನೂರಕ್ಕೆ ಎಷ್ಟು ಹಾಕಬೇಕು ಅಂತ ಹಾಳೆಯಲ್ಲಿ ಸೂಚನೆ ಇಲ್ಲ.

ನೀವು ಮದುವೆಯಾಗಿ ಮನೆಗೆ ಬಂದಾಗ ನಾನು ಇನ್ನೂ ಓದುತ್ತಿದ್ದೆ. ಎರಡು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ಹುಳು ತಂದಿದ್ದಿರಿ. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂರು ದಿನ ನಿಮ್ಮ ಜೊತೆ ಮಾತಾಡಲಿಲ್ಲ. ನಾನು ಮಾತ್ರ ಪಕ್ಕದಲ್ಲಿ ಕೂತು, “ಅತ್ತಿಗೆ, ಇದ್ರಲ್ಲಿ ದಪ್ಪ ಚಿಪ್ಪಿಂದು ಯಾವ್ದು, ತೆಳು ಚಿಪ್ಪಿಂದು ಯಾವ್ದು, ಹೆಂಗ್ ಗೊತ್ತಾಗುತ್ತೆ?” ಅಂತ ಕೇಳಿದೆ. ನೀವು ಅಂಕಿಗಳ ಚೀಟಿ ಕೊಟ್ಟು, “ನೀನೇ ಹೇಳು ನೋಡೋಣ” ಅಂದಿರಿ. ಆ ಪ್ರಶ್ನೆಗೆ ಎಷ್ಟು, ಆ ಚೀಟಿಗೆ ಎಷ್ಟು? ನೋಡಿ, ಇದೂ ಮನೆಯ ಮಾತಾಯಿತು. ಕಾಗದದಲ್ಲಿ ಬಂದುಬಿಟ್ಟಿತು, ಹೊಟ್ಟೆಗೆ ಹಾಕಿಕೊಳ್ಳಿ.

ಇಲ್ಲಿ ಎಂದಿನಂತೆ. ಪಾಠದ ಹೊರೆ ಹೆಚ್ಚಿದೆ. ಅಧ್ಯಾಪಕರ ಕೋಣೆಯ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಕೊಡುವುದಿಲ್ಲ. ಬಡ್ತಿಯ ಸುದ್ದಿ ಬಂದ ದಿನ ಒಪ್ಪಂದ ಮುರಿದು ಫೋನ್ ಮಾಡಿ.

ನಿಮ್ಮ ನಾದಿನಿ


ಮಾರ್ಚ್ 9

ಲೆಕ್ಕದಮ್ಮ,

ಫೋನ್ ಮಾಡುವಂಥ ಸುದ್ದಿ ಇಲ್ಲ.

ನಿನ್ನೆ ಅಳತೆಗಾರರು ಕರೆಸಿದ್ದರು. ಹೋದೆ. ಗಣಕದ ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ನಕ್ಷೆಯಲ್ಲಿ ಈಗ ಮೂರು ಚುಕ್ಕಿ. ಒಂದು ನಾನು, ಒಂದು ನೀನು, ಮೂರನೆಯದರ ಕೆಳಗೆ ‘ಅಜ್ಞಾತ’ ಅಂತ ಬರೆದಿದೆ. ಆ ಅಜ್ಞಾತನ ಚುಕ್ಕಿ ನಮ್ಮಿಬ್ಬರ ಚುಕ್ಕಿಗಿಂತ ದೊಡ್ಡದು.

“ಇದ್ಯಾರು?” ಅಂದೆ.

“ಅದನ್ನೇ ನಾನೂ ಕೇಳೋಣ ಅಂತಿದ್ದೆ ಮೇಡಂ,” ಅಂದರು. “ನಿಮ್ದೂ ಅವ್ರದ್ದೂ ಕೂಡಿದ್ರೆ ಅರವತ್ತೇ ಆಗುತ್ತೆ. ಉಳಿದ ನಲವತ್ತು ಯಾರ್ದು?”

ಈ ಪದ್ಧತಿ ಬಂದಾಗಿನಿಂದ ಎಲ್ಲರ ಮೊತ್ತವೂ ನೂರು ದಾಟಿದೆಯಂತೆ. ಮೀನಿನವರದ್ದು ಇನ್ನೂರ ಹತ್ತು. ದಾಟಿದರೆ ಏನು ಮಾಡಬೇಕು ಅಂತ ಗಣಕಕ್ಕೆ ಕಲಿಸಿದ್ದಾರೆ, ಎಲ್ಲರದ್ದನ್ನೂ ಅದೇ ಪ್ರಮಾಣದಲ್ಲಿ ಇಳಿಸಿ ನೂರಕ್ಕೆ ತರುತ್ತದೆ. ಕಡಿಮೆ ಬಂದರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಹಾಗಾಗಿ ಅದು ತಾನೇ ಒಬ್ಬ ಸಹಲೇಖಕನನ್ನು ಹುಟ್ಟಿಸಿ, ನಲವತ್ತು ಕೊಟ್ಟು ಕೂರಿಸಿದೆ. ಉಲ್ಲೇಖಗಳಲ್ಲೂ ಅವನದೇ ಸಿಂಹಪಾಲು. ಬದುಕಿದ್ದರೆ ಬಡ್ತಿ ಅವನಿಗೇ ಸಿಗಬೇಕಿತ್ತು.

ನಾನು ನಕ್ಕೆ. ಅಳತೆಗಾರರು ನಗಲಿಲ್ಲ. ಕೆಲಸ ಮಾಡಿದವರ ಹೆಸರು ಮುಚ್ಚಿಡುವುದು ನಮ್ಮಲ್ಲಿ ದೊಡ್ಡ ಅಪರಾಧ. ಈ ವಿಷಯ ವಿಚಾರಣೆಗೆ ಸಮಿತಿಯ ಮುಂದೆ ಹೋಗುತ್ತದೆ. ನಿರ್ದೇಶಕರು ಮೊಗಸಾಲೆಯಲ್ಲಿ ಎದುರಾದವರು ಗೋಡೆಯ ಗಡಿಯಾರ ನೋಡುತ್ತಾ ಹಾದುಹೋದರು.

ನೀನು ಎಷ್ಟು ಬರೆದೆ ಅಂತ ಅವರು ಹೇಳಲಿಲ್ಲ. ಆದರೆ ಅರವತ್ತರಲ್ಲಿ ನನ್ನದನ್ನು ಕಳೆಯುವಷ್ಟು ಲೆಕ್ಕ ನನಗೂ ಬರುತ್ತದೆ. ನಾನು ಬರೆದದ್ದು ಮೂವತ್ತೈದು. ನಿನ್ನದು ಇಪ್ಪತ್ತೈದು.

ಇಪ್ಪತ್ತೈದು! ಆ ಸಮೀಕರಣ ಬರೆದವಳು ನೀನು. ನಿನ್ನ ಪಾಲು ಕಾಲು ಭಾಗ ಅಂತ ನೀನು ನಂಬುತ್ತೀಯಾ? ನಂಬುವುದಿಲ್ಲ. ಅರ್ಧ ದಾಟಿದರೆ ಕೋಣೆ ಉಳಿಯುತ್ತದೆ ಅಂತ ನಾನು ಬರೆದದ್ದನ್ನು ಓದಿ, ಪಾಪ ಅತ್ತಿಗೆ ಅಂತ ಬಿಟ್ಟುಕೊಟ್ಟಿದ್ದೀಯ. ನಾನು ನಿನ್ನ ಹತ್ತಿರ ನಿಜ ಕೇಳಿದ್ದೆ, ದಾನ ಕೇಳಿರಲಿಲ್ಲ. ಇದು ನನಗೆ ಬಹಳ ನೋವು ಮಾಡಿತು.

ನನ್ನ ಮೂವತ್ತೈದು ಹೇಗೆ ಬಂತು ಅಂತ ಕೇಳುತ್ತೀಯ. ಹಾಳೆ ಮುಂದಿಟ್ಟುಕೊಂಡು ಕೂತಾಗ ಅರವತ್ತು ಬರೆಯಲು ಹೋದೆ. ಕೋಣೆಯ ಆಸೆಗೆ ಬರೆದ ಹಾಗಾಗುತ್ತದೆ ಅನ್ನಿಸಿ ಕೈ ಹಿಂದೆ ಬಂತು. ನಿನಗೆ ಮಿತಿ ಹೇಳಿದ ಮೇಲೆ ಆ ಮಿತಿಯ ಮೇಲೆ ಬರೆಯಲು ನಾಚಿಕೆಯಾಯಿತು. ಅಷ್ಟೇ.

ತಿದ್ದಲು ಒಂದೇ ಒಂದು ಅವಕಾಶ ಕೊಡುತ್ತಾರಂತೆ. ಹೊಸ ಹಾಳೆ ಬಂದಾಗ ಕಳಿಸುತ್ತೇನೆ.

ಅತ್ತಿಗೆ


ಮಾರ್ಚ್ 17

ಅತ್ತಿಗೆ,

ಹೌದು, ಬಿಟ್ಟುಕೊಟ್ಟೆ. ನಿಮ್ಮ ಕೋಣೆ ಉಳಿಯಲಿ ಅಂತಲೇ ಬಿಟ್ಟುಕೊಟ್ಟೆ. ನೀವು ಎಪ್ಪತ್ತು ಬರೆಯುತ್ತೀರಿ ಅಂದುಕೊಂಡಿದ್ದೆ, ನನ್ನ ಇಪ್ಪತ್ತೈದು ಸೇರಿ ಹತ್ತಿರ ಹತ್ತಿರ ನೂರಾಗುತ್ತದೆ, ಕಥೆ ಮುಗಿಯುತ್ತದೆ ಅಂತ. ನೀವು ನಾಚಿಕೊಂಡು ಮೂವತ್ತೈದು ಬರೆಯುತ್ತೀರಿ ಅಂತ ನನಗೇನು ಕನಸು ಬಿದ್ದಿತ್ತಾ? ನಾನು ಕೊಟ್ಟದ್ದನ್ನು ನೀವು ತೆಗೆದುಕೊಳ್ಳಲೂ ಇಲ್ಲ, ನನಗೆ ಉಳಿಯಲೂ ಇಲ್ಲ. ಗಣಕ ಹುಟ್ಟಿಸಿದ ಯಾವನೋ ಹೊಡೆದುಕೊಂಡು ಹೋದ.

ನೀವು ಬರೆದ ಒಂದು ಮಾತು ನನ್ನ ತಲೆ ಕೊರೆಯುತ್ತಿದೆ. ಈ ಸಲದ್ದಲ್ಲ, ಫೆಬ್ರವರಿಯದ್ದು. ನನಗೆ ಇಂಥ ಗೋಜು ಯಾವುದೂ ಇಲ್ಲ, ಪುಣ್ಯವಂತೆ ಅಂದಿರಿ. ಇಲ್ಲಿ ನಮ್ಮನ್ನೂ ಅಳೆಯುತ್ತಾರೆ ಅತ್ತಿಗೆ. ಅಡಿಪಟ್ಟಿ ಇಲ್ಲದೆ ಅಳೆಯುತ್ತಾರೆ. ಎರಡನೆಯ ಹೆಸರು ಇದ್ದರೆ ಲೆಕ್ಕಕ್ಕಿಲ್ಲ ಅಂತ ಪ್ರಾಂಶುಪಾಲರು ಕಡ್ಡಿ ಮುರಿದ ಹಾಗೆ ಹೇಳಿ ಎಷ್ಟೋ ಕಾಲವಾಯಿತು. ನಮ್ಮ ಎಲ್ಲ ಲೇಖನಗಳಲ್ಲೂ ಮೊದಲ ಹೆಸರು ನಿಮ್ಮದು. ಮೊದಲ ಸಲ ನೀವು ದೊಡ್ಡವರು ಅಂತ ಹಾಗೆ ಹಾಕಿದೆವು. ಆಮೇಲೆ ಅದೇ ರೂಢಿಯಾಯಿತು. ಒಂದು ಸಲವೂ “ಈ ಸಲ ನಿನ್ದು ಮೊದ್ಲು ಹಾಕೋಣ್ವಾ?” ಅಂತ ನೀವು ಕೇಳಲಿಲ್ಲ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ.

ಕಳೆದ ವರ್ಷ ಹೊಸದಾಗಿ ಬಂದ ಭೌತಶಾಸ್ತ್ರದ ಮೇಷ್ಟ್ರು ನಮ್ಮ ಲೇಖನದ ಪ್ರತಿ ನೋಡಿ, “ಓ, ಅವ್ರು ಹೇಳಿದ್ದನ್ನ ನೀವು ಟೈಪ್ ಮಾಡ್ಕೊಡ್ತೀರಾ?” ಅಂದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅದನ್ನು ನಿಮಗೆ ಫೋನಿನಲ್ಲಿ ಹೇಳಲಿಲ್ಲ, ಅದು ಕೆಲಸದ ಮಾತಾಗಿತ್ತು. ಕಾಗದದಲ್ಲಿ ಬರೆಯಲಿಲ್ಲ, ಅದು ಮನೆಯ ಮಾತಾಗಿತ್ತು. ಎಲ್ಲೂ ಹೇಳದ ಮಾತುಗಳು ಹೀಗೆ ಬಹಳ ಇವೆ.

ನಿಜ ಕೇಳಿದ್ದೆ ಅನ್ನುತ್ತೀರಿ. ಸರಿ, ಈ ಸಲ ನಿಜವನ್ನೇ ಬರೆಯುತ್ತೇನೆ. ಹೆಲ್ಮೆಟ್ಟಿನವರು ಉಲ್ಲೇಖಿಸುವುದು ಸಮೀಕರಣವನ್ನು. ಹುಳುವನ್ನಲ್ಲ. ನೀವೂ ನಾಚಿಕೆ ಬಿಟ್ಟು ನಿಮಗೆ ನಿಜ ಅನ್ನಿಸಿದ್ದನ್ನು ಬರೆಯಿರಿ.

ನಾದಿನಿ


ಮಾರ್ಚ್ 29

ಮಾನ್ಯರೇ,

ಜಂಟಿ ಲೇಖನಗಳಲ್ಲಿನ ಪಾಲನ್ನು ಕುರಿತ ಪರಿಷ್ಕೃತ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದೆ. ಹಿಂದಿನ ಹೇಳಿಕೆಯಲ್ಲಿ ಉಂಟಾದ ಕೊರತೆಗೆ ಮೂರನೆಯ ವ್ಯಕ್ತಿ ಯಾರೂ ಕಾರಣರಲ್ಲ, ಅದು ಇಬ್ಬರು ಲೇಖಕಿಯರ ಅಂದಾಜಿನ ವ್ಯತ್ಯಾಸ ಮಾತ್ರ ಎಂಬ ಒಕ್ಕಣೆಯನ್ನು ಕೆಳಭಾಗದಲ್ಲಿ ಸೇರಿಸಿದ್ದಾರೆ. ಅದರ ಕೆಳಗೂ ನೀವು ಸಹಿ ಮಾಡಬೇಕು. ಏಪ್ರಿಲ್ ಹತ್ತರೊಳಗೆ ಮಾಪನ ವಿಭಾಗಕ್ಕೆ ತಲುಪಿಸಬೇಕಾಗಿ ವಿನಂತಿ. ಇದಾದ ಮೇಲೆ ತಿದ್ದುಪಡಿಗೆ ಅವಕಾಶ ಇರುವುದಿಲ್ಲ.

ಲೇಖಕಿಯರ ಹೆಸರುಗಳ ಕ್ರಮದ ಬಗ್ಗೆ ನೀವು ಎತ್ತಿದ ವಿಷಯವನ್ನು ಗಮನಿಸಿದ್ದೇನೆ. ಆ ಬಗ್ಗೆ ಆಗಲೇ ತಿಳಿಸಿದ್ದರೆ ಸೂಕ್ತ ಕ್ರಮ ಕೈಗೊಳ್ಳಬಹುದಿತ್ತು.

ನಿಮ್ಮ ವಿಶ್ವಾಸಿ,
ಹಿರಿಯ ಸಂಶೋಧಕಿ, ಮೃದ್ವಂಗಿ ಪ್ರಯೋಗಾಲಯ


ಏಪ್ರಿಲ್ 6

ಅತ್ತಿಗೆ,

ಸಹಿ ಹಾಕಿ ಕಳಿಸಿದ್ದೇನೆ. ಎರಡೂ ಕಡೆ.

ಮಾನ್ಯರೇ ಅಂತ ನನ್ನನ್ನು ಇದುವರೆಗೆ ಕರೆದವರು ವಿದ್ಯುತ್ ಕಚೇರಿಯವರು ಮಾತ್ರ. ಈ ಭಾನುವಾರ ಅಣ್ಣ ಫೋನ್ ಮಾಡಿದಾಗ ನೀವು ಪಕ್ಕದಲ್ಲೇ ಇದ್ದಿರಿ, ಪಾತ್ರೆಯ ಸದ್ದು ಕೇಳಿಸುತ್ತಿತ್ತು.

ನಾದಿನಿ


ಮೇ 21

ಲೆಕ್ಕದಮ್ಮ,

ಇಷ್ಟು ದಿನ ಬರೆಯಲಿಲ್ಲ. ಬರೆದಿದ್ದರೆ ಒಳ್ಳೆಯ ಮಾತು ಬರುತ್ತಿರಲಿಲ್ಲ.

ಫಲಿತಾಂಶ ಬಂದಿದೆ. ಈ ಸಲ ನಮ್ಮ ಮೊತ್ತ ನೂರ ಮೂವತ್ತು. ಅಳತೆಗಾರರ ಮುಖದಲ್ಲಿ ಕಳೆ ಬಂದಿತ್ತು. “ಈಗ ಸರಿಹೋಯ್ತು ನೋಡಿ ಮೇಡಂ, ಎಲ್ರದ್ದೂ ಹಿಂಗೇ ಇರುತ್ತೆ,” ಅಂದರು. ಜ್ವರ ಇಳಿದ ರೋಗಿಯ ಜೊತೆ ಮಾತಾಡುವ ಹಾಗೆ. ಅಜ್ಞಾತನ ಚುಕ್ಕಿ ಅಳಿಸಿಹೋಗಿದೆ. ಸಮಿತಿಗೂ ಸಮಾಧಾನ. ವಿಚಾರಣೆ ಮುಚ್ಚಿದರು.

ನಾನು ಬರೆದದ್ದು ಅರವತ್ತು. ನಿನ್ನದು ಎಪ್ಪತ್ತು. ನೂರಕ್ಕೆ ಇಳಿಸಿದಾಗ ನನ್ನದು ನಲವತ್ತಾರು ಆಯಿತು. ನಲವತ್ತಾರು ಅರ್ಧ ಅಲ್ಲ. ಬಡ್ತಿ ಇಲ್ಲ. ಕೋಣೆಯನ್ನು ಜೂನ್ ಮೊದಲ ವಾರದಲ್ಲಿ ಬಿಟ್ಟುಕೊಡಬೇಕು. ಪ್ಲಾಸ್ಟಿಕ್ ತಿನ್ನುವ ಸೂಕ್ಷ್ಮಜೀವಿಗಳನ್ನು ಬೆಳೆಸುವವರು ಬರುತ್ತಾರೆ, ಒಳ್ಳೆಯ ಕೆಲಸವಂತೆ. ನನಗೆ ಕೆಳಗಿನ ಮಹಡಿಯಲ್ಲಿ ಒಂದು ಮೇಜು, ಒಂದು ಕಪಾಟು ಕೊಡುತ್ತಾರೆ. ಕಿಟಕಿ ಇದೆ.

ನಿನ್ನ ಎಪ್ಪತ್ತು ಸುಳ್ಳು ಅಂತ ನಾನು ಹೇಳುವುದಿಲ್ಲ. ನೀನು ಏನು ನಂಬುತ್ತೀಯೋ ಅದನ್ನು ಬರೆದೆ. ನನ್ನ ಅರವತ್ತನ್ನೂ ನಂಬಿಯೇ ಬರೆದೆ, ಕೋಪದಲ್ಲಿ ಬರೆದೆ ಅನ್ನುವುದೂ ನಿಜ. ಒಂದೇ ಕೆಲಸವನ್ನು ಇಬ್ಬರೂ ನಂಬಿ ಅಳೆದರೆ ಮೂವತ್ತು ಹೆಚ್ಚು ಬರುತ್ತದೆ ಅಂತ ತಿಳಿಯಿತು. ಹೆಸರಿನ ವಿಷಯದಲ್ಲಿ ನೀನು ಹೇಳಿದ್ದು ಸರಿ. ನಾನು ಕೇಳಬೇಕಿತ್ತು. ಕೇಳುವುದು ಹೊಳೆಯಲೇ ಇಲ್ಲ, ಅದು ಇನ್ನೂ ಕೆಟ್ಟದ್ದು. ಆದರೂ ನಿನ್ನ ಮೇಲೆ ನನಗೆ ಕೋಪ ಇದೆ. ಹೋಗಿದೆ ಅಂತ ಬರೆದರೆ ಅದೂ ಒಂದು ದಾನವಾಗುತ್ತದೆ.

ಈಗ ಕೆಲಸದ ಮಾತು. ಯೋಜನೆ ಮುಗಿದ ಪ್ರಾಣಿಗಳನ್ನು ನಾಶಪಡಿಸಬೇಕು ಅಂತ ನಿಯಮ. ಹೆಚ್ಚಿನವನ್ನು ಮೀನಿನವರು ತಮ್ಮ ತೊಟ್ಟಿಗಳ ಪಕ್ಕ ಇಟ್ಟುಕೊಳ್ಳಲು ಒಪ್ಪಿದ್ದಾರೆ. ತೆಳು ಚಿಪ್ಪಿನ ತಳಿಯನ್ನು ಮಾತ್ರ ಅವರ ಕೈಗೆ ಕೊಡಲು ಮನಸ್ಸಾಗಲಿಲ್ಲ, ಅವುಗಳನ್ನು ಬೆರಳಿನಿಂದ ಒತ್ತಿದರೂ ಬಿರುಕು ಬಿಡುತ್ತವೆ. ಮೂರು ಡಬ್ಬಿ ಮಾಡಿ ನಿನಗೆ ಕಳಿಸುತ್ತಿದ್ದೇನೆ. ನಿನ್ನ ಅಣ್ಣನೇ ತರುತ್ತಾರೆ. ಮಡಿಲಲ್ಲಿ ಇಟ್ಟುಕೊಂಡು ಕೂರಬೇಕು ಅಂತ ಹೇಳಿದ್ದಕ್ಕೆ, “ಮಗೂನೇ ಇಷ್ಟು ಜೋಪಾನ ಮಾಡ್ಲಿಲ್ಲ” ಅಂದರು.

ಎಲೆಕೋಸು, ಸೌತೆಕಾಯಿ ಹಾಕು. ಉಪ್ಪು ತಾಗಬಾರದು. ಸುಣ್ಣದ ಸೀಮೆಸುಣ್ಣ ಒಂದು ತುಂಡು ಸದಾ ಇರಲಿ, ಕಾಲೇಜಿನಲ್ಲಿ ಸಿಗುತ್ತದಲ್ಲ. ವಾರಕ್ಕೊಮ್ಮೆ ತೂಕ, ಚಿಪ್ಪಿನ ಅಂಚಿನ ದಪ್ಪ. ಅಂಕಿಗಳ ಸಾಲು ಮುರಿಯಬಾರದು. ನಿನಗೆ ಪುರುಸೊತ್ತು ಇಲ್ಲದಿದ್ದರೆ ಹೇಳು, ಬೇರೆ ಏನಾದರೂ ನೋಡುತ್ತೇನೆ.

ಅತ್ತಿಗೆ


ಜೂನ್ 30

ಪ್ರೀತಿಯ ಅತ್ತಿಗೆ,

ಡಬ್ಬಿಗಳು ಬಂದು ನಾಲ್ಕು ವಾರವಾಯಿತು. ಅಣ್ಣ ಅವುಗಳನ್ನು ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡ, ಕಾಫಿ ಕುಡಿದ. ಹೊರಡುವಾಗ ಬಾಗಿಲಲ್ಲಿ ನಿಂತು, “ಅವ್ಳು ಕೋಣೆ ಗುಡಿಸಿ ಬೀಗ ಕೊಟ್ಟು ಬಂದ್ಲು ಕಣೇ” ಅಂದ. ಅಷ್ಟೇ. ನಾನು ಇಡೀ ಸಂಜೆ ಏನೂ ಮಾಡಲಿಲ್ಲ.

ಎರಡು ಹುಳು ಸತ್ತಿವೆ. ಒಂದು ದಾರಿಯಲ್ಲಿ. ಇನ್ನೊಂದು ನನ್ನ ಕೈಯಲ್ಲಿ. ಅಂಚಿನ ದಪ್ಪ ನೋಡಲು ಹಿಡಿದೆ, ನೀವು ಹೇಳಿದ ಹಾಗೆಯೇ ಆಯಿತು, ಬಿರುಕು ಬಿಟ್ಟಿತು. ಆ ಶಬ್ದ ಎಷ್ಟು ಸಣ್ಣದು ಅಂತ ಸಮೀಕರಣ ಬರೆದವಳಿಗೆ ಗೊತ್ತಿರಲಿಲ್ಲ.

ನೀವು ಕಳಿಸುತ್ತಿದ್ದ ಅಂಕಿಗಳು ಹೇಗಿರುತ್ತಿದ್ದವು ಅಂತ ನೆನಪಿದೆಯೇ? ಒಂದು ಹುಳುವಿಗೆ ಒಂದು ಸಾಲು, ನೇರವಾಗಿ. ನಾನು ಅವುಗಳನ್ನು ನಲ್ಲಿಯಲ್ಲಿ ಬರುವ ನೀರಿನಂತೆ ತೆಗೆದುಕೊಂಡೆ. ಈಗ ಅಂಥ ಒಂದು ಸಾಲು ಬರೆಯಬೇಕಾದರೆ ಏನಾಗುತ್ತದೆ ಕೇಳಿ. ಮುಟ್ಟಿದರೆ ಒಳಗೆ ಸೇರಿಕೊಳ್ಳುತ್ತದೆ. ಹೊರಬರುವ ತನಕ ಕಾಯಬೇಕು. ಬಂತು ಅಂತ ಬಗ್ಗಿದರೆ ನನ್ನ ಉಸಿರು ತಾಗಿ ಮತ್ತೆ ಒಳಗೆ. ಮೇವು ತಿಂದ ಮೇಲೆ ತೂಗಿದರೆ ಒಂದು ತೂಕ, ಮೊದಲು ತೂಗಿದರೆ ಇನ್ನೊಂದು. ಒದ್ದೆ ಚಿಪ್ಪಿನ ದಪ್ಪವೇ ಬೇರೆ, ಒಣಗಿದ್ದೇ ಬೇರೆ. ನೀವು ಯಾವುದನ್ನು ಬರೆಯುತ್ತಿದ್ದಿರಿ, ಯಾಕೆ ಅದನ್ನೇ ಬರೆಯುತ್ತಿದ್ದಿರಿ ಅಂತ ಇಷ್ಟು ವರ್ಷಗಳಲ್ಲಿ ನಾನು ಒಂದು ಸಲವೂ ಕೇಳಲಿಲ್ಲ. ಹೊಳೆಯಲೇ ಇಲ್ಲ. ನಿಮ್ಮದೇ ಮಾತು, ಅದು ಇನ್ನೂ ಕೆಟ್ಟದ್ದು.

ನಾಲ್ಕು ವಾರದ ನನ್ನ ಅಂಕಿಗಳನ್ನು ನಮ್ಮ ಸಮೀಕರಣಕ್ಕೆ ಹಾಕಿ ನೋಡಿದೆ. ಕೂರಲಿಲ್ಲ. ಹೆಲ್ಮೆಟ್ಟಿನವರೆಲ್ಲ ಕೊಂಡಾಡುವ ಸಮೀಕರಣ ನನ್ನ ಅಳತೆಗಳ ಮೇಲೆ ಕೂರುವುದಿಲ್ಲ ಅತ್ತಿಗೆ, ಚುಕ್ಕಿಗಳು ಚೆಲ್ಲಿದ ಸಾಸಿವೆಯಂತೆ ಎಲ್ಲೆಂದರಲ್ಲಿ ಬಿದ್ದಿವೆ. ನಿಮ್ಮ ಹಳೆಯ ಅಂಕಿಗಳನ್ನು ತೆಗೆದು ಪಕ್ಕದಲ್ಲಿ ಇಟ್ಟೆ. ಅವು ಗೆರೆಯ ಮೇಲೆ ಸಾಲಾಗಿ ನಿಂತಿವೆ. ಆ ಗೆರೆ ಎಳೆದವಳು ನಾನು ಅಂದುಕೊಂಡಿದ್ದೆ. ನಾನು ಎಳೆಯುವ ಹೊತ್ತಿಗೆ ಅದು ಅಲ್ಲಿ ಆಗಲೇ ಇತ್ತು, ನಾನು ಅದಕ್ಕೆ ಹೆಸರು ಕೊಟ್ಟೆ. ಅದೂ ಸಣ್ಣ ಕೆಲಸವಲ್ಲ, ಆ ಪಾಲನ್ನು ನಾನು ಬಿಡುವುದಿಲ್ಲ. ಆದರೆ ಎಪ್ಪತ್ತಲ್ಲ. ಇವತ್ತು ಯಾರಾದರೂ ಕೇಳಿದರೆ ಇಪ್ಪತ್ತೈದು ಅಂತ ಬರೆಯುತ್ತೇನೆ, ಯಾರಿಗೂ ಬಿಟ್ಟುಕೊಡಲು ಅಲ್ಲ.

ಇದನ್ನೇ ನಿಮ್ಮ ಸಮಿತಿಗೆ ಬರೆದೆ. ನಿಮಗೆ ಹೇಳದೆ ಬರೆದೆ. ಅಳತೆಗಾರರಿಗೆ ಬೇರೆಯಾಗಿಯೂ ಫೋನ್ ಮಾಡಿದೆ. ತಾಳ್ಮೆಯಿಂದ ಕೇಳಿಸಿಕೊಂಡು, “ನಿಮ್ ಮಾತು ಅರ್ಥ ಆಗುತ್ತೆ ಮೇಡಂ. ಆದ್ರೆ ಈಗ ಇಪ್ಪತ್ತೈದು ಅಂತ ಹಾಕಿದ್ರೆ ಮತ್ತೆ ನೂರು ತುಂಬಲ್ಲ, ಆ ಮೂರನೇವ್ರು ವಾಪಸ್ ಬರ್ತಾರೆ,” ಅಂದರು. ಸಮಿತಿಯ ಉತ್ತರ ನಿನ್ನೆ ಬಂತು. ಅಂತಿಮಗೊಂಡ ಪಾಲನ್ನು ಯಾವ ಕಾರಣಕ್ಕೂ ಬದಲಾಯಿಸಲು ಬರುವುದಿಲ್ಲ. ಕೆಳಗೆ ಎರಡು ಸಹಿ, ಒಂದು ಮೊಹರು.

ನಿಮ್ಮ ಕೋಣೆ ನನ್ನಿಂದ ಹೋಯಿತು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಮೊದಲು ಬರೆದ ಸುಳ್ಳನ್ನೇ ಉಳಿಸಿಕೊಂಡಿದ್ದರೆ, ಅಜ್ಞಾತ ಹದಿನೈದು ತಿಂದರೂ ನಿಮ್ಮ ಅರವತ್ತು ಅರವತ್ತಾಗಿಯೇ ಇರುತ್ತಿತ್ತು, ಕೋಣೆ ಉಳಿಯುತ್ತಿತ್ತು. ನಿಜ ಅಂತ ಎದೆ ತಟ್ಟಿಕೊಂಡು ಬರೆದದ್ದರಿಂದ ಹೋಯಿತು, ಅದು ನಿಜವೂ ಆಗಿರಲಿಲ್ಲ. ಕ್ಷಮಿಸಿ ಅಂತ ಕೇಳಲು ಧೈರ್ಯವಿಲ್ಲ. ಕೋಪ ಇಟ್ಟುಕೊಳ್ಳಿ, ಅದು ನಿಮ್ಮ ಹಕ್ಕು. ನನಗೆ ಮಾತ್ರ ಬಹಳ ಸಂಕಟವಾಗುತ್ತಿದೆ.

ಈ ತಿಂಗಳ ಅಂಕಿಗಳು ಜೊತೆಗಿವೆ, ಇದ್ದದ್ದು ಇದ್ದ ಹಾಗೆ. ಎಲ್ಲಿ ತಪ್ಪುತ್ತಿದ್ದೇನೆ ಅಂತ ನೋಡಿ ಹೇಳುತ್ತೀರಾ? ಇವತ್ತು ಬೆಳಿಗ್ಗೆ ಆರನೆಯ ಹುಳು ತಾನಾಗಿ ಹೊರಗೆ ಬಂದು ನನ್ನ ಬೆರಳು ಹತ್ತಿತು. ಅಳೆಯಲಿಲ್ಲ, ಸುಮ್ಮನೆ ಕೂತಿದ್ದೆ. ಹತ್ತಿದಾಗ ಅಳೆಯಬೇಕೋ, ಇಳಿದ ಮೇಲೆ ಅಳೆಯಬೇಕೋ ನನಗೆ ತಿಳಿಯದು.

ನಿಮ್ಮ ನಾದಿನಿ